ಚುಕೀ ಅಂದರೆ ಚುಕ್ಕಿ

ಪಕ್ಕದ ಮನೆಗೆ ನೇಸರಿಯಿಂದ ಆ ಮನೆಯಾಕೆಯ ಅತ್ತೆ ಬಂದಿದ್ದಾರೆ. ಹಳೆಯ ಕಾಲದ ಹೆಂಗಸು, ಅಂಗಡಿಯ ಪುಡಿಯನ್ನು ನಂಬುವವರಲ್ಲ. ಮೊನ್ನೆ ಮಧ್ಯಾಹ್ನ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಂಚು ಇಟ್ಟು, ತಂಬಾಕಿನ ಎಲೆ ಹುರಿಯತೊಡಗಿದರು. ಹಲ್ಲಿಗೆ ತಿಕ್ಕಿಕೊಳ್ಳುವ ಮಿಶ್ರಿಗೆ. ಆ ಘಾಟು ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬಂತು. ಸೀನಿದೆ, ಮತ್ತೆ ಸೀನಿದೆ, ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒರೆಸಿಕೊಳ್ಳುತ್ತಿರುವಾಗ ಬಾಯಿ ನೆನಪಾದರು.

ಬಾಯಿ ಅಂದರೆ ಉಣ್ಣುವ ಬಾಯಲ್ಲ. ಕೊಲ್ಲಾಪುರದ ಸೀಮೆಯಲ್ಲಿ ಮಕ್ಕಳಿಗೆ ಕಲಿಸುವ ಹೆಂಗಸನ್ನು ಮರಾಠಿಯಲ್ಲಿ ಹಾಗೆ ಕರೆಯುತ್ತಾರೆ. ಮನೆಯಲ್ಲಿ ಕನ್ನಡ ಆಡುವ ನಾವೂ ಹಾಗೆಯೇ ಕರೆಯುತ್ತೇವೆ. "ಬಾಯಿ ಬಂದ್ರ ಎಲ್ಲಾರ ಬಾಯಿ ಬಂದ್" ಎಂದು ನಮ್ಮನೆಯವರು ಚೇಷ್ಟೆ ಮಾಡುತ್ತಿದ್ದರು. ಈ ಬಾಯಿಯ ವಿಷಯದಲ್ಲಿ ಅದು ಸುಳ್ಳಾಗಿತ್ತು ಅನ್ನುವುದು ಬೇರೆ ಮಾತು.

ಅವರು ತೀರಿಹೋದ ಸುದ್ದಿ ಬಂದು ಅಷ್ಟರಲ್ಲಿ ಕೆಲವು ದಿನಗಳಾಗಿದ್ದವು. ನಾವು ಇಚಲಕರಂಜಿ ಬಿಡುವ ಹೊತ್ತಿಗೆ ಅಲ್ಲಿ ನೆರೆಗೆ ಬಂದಿದ್ದಾಕೆ ಫೋನ್ ಮಾಡಿ, ಬದನೆಕಾಯಿಯ ದರ, ತನ್ನ ಮೊಣಕಾಲು, ಸೊಸೆಯ ತವರು ಎಲ್ಲ ಹೇಳಿ ಮುಗಿಸಿ, ಕೊನೆಗೆ, "ಅಂದಂಗ, ನಮ್ಮ ಬಾಲವಾಡಿ ಬಾಯಿ ಹೋದ್ರಂತರೀ, ಚಂದಗಡದಾಗ" ಅಂದಳು. ನಾನು "ಹೌದ?" ಅಂದೆ. ಫೋನಿಟ್ಟು ಅಕ್ಕಿ ಆರಿಸುವುದನ್ನು ಮುಂದುವರಿಸಿದೆ. ಏನೂ ಅನಿಸಲಿಲ್ಲ. ಅನಿಸಬೇಕಿತ್ತಲ್ಲ ಎಂದು ಕಾದೆ ಕೂಡ. ಅಕ್ಕಿಯಲ್ಲಿ ಕಲ್ಲೂ ಸಿಗಲಿಲ್ಲ, ಈಗಿನ ಅಕ್ಕಿಯಲ್ಲಿ ಎಲ್ಲಿ ಕಲ್ಲಿರುತ್ತದೆ. ಹೀಗೆ ದಿನ ಕಳೆದವು. ಆಮೇಲೆ ಈ ಮಿಶ್ರಿಯ ಘಾಟು.

ಬಾಯಿಗೆ ಮಿಶ್ರಿಯ ಚಟವಿತ್ತು. ಹಲ್ಲೆಲ್ಲ ಕಪ್ಪು. ಸೊಂಟಕ್ಕೆ ಸಿಕ್ಕಿಸಿದ ಪುಟ್ಟ ಡಬ್ಬಿ. ಮಕ್ಕಳು ಚಿತ್ರ ಬರೆಯುವುದರಲ್ಲಿ ಮುಳುಗಿದಾಗ ಬಾಗಿಲಾಚೆ ಹೋಗಿ, ಗೋಡೆಗೆ ಮುಖ ಮಾಡಿ, ಬೆರಳಿನಿಂದ ಗಸಗಸ ತಿಕ್ಕಿ, ಉಗುಳಿ, ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಮೊದಲ ದಿನ ಅದನ್ನು ನೋಡಿ ನನಗೆ ಅಸಹ್ಯವಾಗಿತ್ತು. ಇಂಥವರ ಕೈಗೆ ಮಗಳನ್ನು ಕೊಡುವುದೇ ಅಂದುಕೊಂಡಿದ್ದೆ. ಆದರೆ ಕೊಡದೆ ಬೇರೆ ದಾರಿ ಇರಲಿಲ್ಲ...

ಆಗ ನಾವು ಇಚಲಕರಂಜಿಯಲ್ಲಿದ್ದೆವು. ನಮ್ಮನೆಯವರು ಪವರ್‌ಲೂಮ್ ದುರಸ್ತಿ ಮಾಡುವ ಜಾಬರ್. ನಮ್ಮ ಓಣಿಯ ಎರಡೂ ಬದಿಗೆ ಮಗ್ಗದ ಶೆಡ್ಡುಗಳು, ಹಗಲೂ ರಾತ್ರಿ ಖಟಖಟ. ಆ ಓಣಿಯಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರೂ ಕೂಗುತ್ತಾರೆ. ಗಂಡ ಹೆಂಡಿರ ಗುಟ್ಟೂ ಮೂರು ಮನೆಗೆ ಕೇಳುವಂತಿರುತ್ತದೆ. ಅಂಥ ಕಡೆ ಒಂದು ಮಗು ಮಾತು ನಿಲ್ಲಿಸಿದ್ದು ಮೊದಮೊದಲು ನಮಗೇ ಗೊತ್ತಾಗಲಿಲ್ಲ.

ಮಗಳಿಗೆ ಐದು ನಡೆಯುತ್ತಿತ್ತು. ಅದಕ್ಕೂ ಮುಂಚೆ ಅವಳು ಅರಳು ಹುರಿದಂತೆ ಮಾತಾಡುತ್ತಿದ್ದಳು, ಕನ್ನಡದಲ್ಲಿ. ನಮ್ಮನೆಯವರು ಆಸೆಯಿಂದ ಒಂದು ಇಂಗ್ಲಿಷ್ ಶಿಶುಶಾಲೆಗೆ ಹಾಕಿದರು. ಅಲ್ಲಿ ಅವಳು ಬಾಯಿ ಬಿಟ್ಟರೆ ಮಕ್ಕಳು ನಗುತ್ತಿದ್ದರು, ಕಲಿಸುವವಳು "ಗಪ್ಪ ಬಸ!" ಅನ್ನುತ್ತಿದ್ದಳು. ಸುಮ್ಮನೆ ಕೂಡು ಅಂತ. ಮನೆಗೆ ಬಂದು ಗೊಂಬೆಯನ್ನು ಗೋಡೆಗೆ ಆನಿಸಿ ಕೂರಿಸಿ, ಅದರ ತುಟಿಯ ಮೇಲೆ ಬೆರಳಿಟ್ಟು "ಗಪ್ಪ ಬಸ" ಅನ್ನುತ್ತಿದ್ದಳು. ನಾವು ನಕ್ಕೆವು. ಕೆಲವು ದಿನಗಳ ಮೇಲೆ ಅದನ್ನೂ ಅನ್ನಲಿಲ್ಲ. ಹೇಳಿದ ಮಾತನ್ನು ಅಷ್ಟು ಚೆನ್ನಾಗಿ ಪಾಲಿಸಿದ ಮಗು ಆ ಶಾಲೆಯಲ್ಲಿ ಇನ್ನೊಂದಿರಲಿಕ್ಕಿಲ್ಲ.

ಶಾಲೆ ಬಿಡಿಸಿದೆವು. ಮಾತು ಬರಲಿಲ್ಲ. ಹಸಿವಾದರೆ ತಾಟು ತಂದು ಮುಂದಿಡುತ್ತಿದ್ದಳು, ಬಿದ್ದರೆ ಸದ್ದಿಲ್ಲದೆ ಅಳುತ್ತಿದ್ದಳು. ಕೊಲ್ಲಾಪುರದ ದೊಡ್ಡ ಡಾಕ್ಟರರು ಗಂಟಲು, ಕಿವಿ, ನಾಲಿಗೆ ನೋಡಿ ಎಲ್ಲಾ ಸರಿ ಇದೆ ಅಂದರು. ಎಲ್ಲಾ ಸರಿ ಇದ್ದು ಮಾತಿಲ್ಲದ ಮಗುವನ್ನು ಏನು ಮಾಡಬೇಕೆಂದು ಅವರು ಹೇಳಲಿಲ್ಲ. ನಗರಪಾಲಿಕೆಯ ಮರಾಠಿ ಶಾಲೆಯ ಹೆಡ್‌ಮಾಸ್ತರರು ಅವಳನ್ನು ನೋಡಿ, ಮಾತಾಡಲು ಶುರುಮಾಡಿದ ಮೇಲೆ ಕರೆದುಕೊಂಡು ಬನ್ನಿ, ಬರುವ ಜೂನಿನಲ್ಲಿ ನೋಡೋಣ, ಅಷ್ಟರಲ್ಲಿ ಆಗದಿದ್ದರೆ ಮೂಕ ಮಕ್ಕಳ ಶಾಲೆಯೇ ಸೈ ಅಂದರು. ಓಣಿಯಲ್ಲಿ ಅವಳಿಗೆ ಹೆಸರು ಬಿತ್ತು: ಮೂಗಿ. ನಮ್ಮ ಜನರಲ್ಲಿ ಹೀಗೆ ಬಿದ್ದ ಹೆಸರು ಸುಮ್ಮನೆ ಹೋಗುವುದಿಲ್ಲ, ಲಗ್ನದ ಹಂದರದವರೆಗೂ ಬೆನ್ನು ಹತ್ತಿ ಬರುತ್ತದೆ. ಒಂದು ದಿನ ನಮ್ಮ ಅತ್ತೆಯೇ ಮರೆತು, "ಮೂಗಿಗೆ ಹಾಲ ಕೊಟ್ಟೇನ?" ಅಂದರು. ಅಂದ ಮೇಲೆ ತಾವೇ ಸೆರಗು ಕಚ್ಚಿಕೊಂಡು ಒಳಗೆ ಹೋದರು. ಆವತ್ತು ನನಗೆ ಹೆದರಿಕೆಯಾಯಿತು. ಜೂನ್ ಬರುವುದರೊಳಗೆ ಇವಳು ಬಾಯಿ ಬಿಡದಿದ್ದರೆ ಮನೆಯಲ್ಲೂ ಇದೇ ಹೆಸರು ಉಳಿಯುತ್ತದೆ ಎಂದು.

ಬಾಲವಾಡಿ ನಮ್ಮ ಓಣಿಯ ಕೊನೆಗೆ, ಮಗ್ಗದ ಶೆಡ್ಡಿನ ಹಿಂದಿನ ಒಂದು ಉದ್ದನೆಯ ಖೋಲಿಯಲ್ಲಿತ್ತು. ತಗಡಿನ ಮಾಡು, ಮುಂದೆ ಅಂಗಳ, ಅಂಗಳದಲ್ಲಿ ಶೆಡ್ಡಿನ ಮಾಲೀಕರ ಎಮ್ಮೆ. ಮೊದಲ ದಿನ ಮಗಳು ನನ್ನ ಸೆರಗು ಬಿಡಲಿಲ್ಲ. ಬಾಯಿ ನೋಡಿದರು, ನನ್ನ ಕಡೆ ಒಂದು ರದ್ದಿಯ ಕಟ್ಟು ನೂಕಿ, "ನೀವೂ ಕೂಡ್ರಿ. ಬರೇ ಕೂಡಬ್ಯಾಡ್ರಿ, ಮಕ್ಕಳಿಗೆ ಬರ್ಯಾಕ ಕಾಗದ ಹರೀರಿ" ಅಂದರು. ಹೀಗೆ ಬಾಗಿಲ ಬಳಿ ಕಾಗದ ಹರಿಯುತ್ತ ನಾನೂ ಆ ವರ್ಷ ಬಾಲವಾಡಿ ಕಲಿತೆ.

ಗೋಡೆಯ ಮೇಲೆ ಅ ಆ ಇ ಈ ಇರಲಿಲ್ಲ. ಎ ಬಿ ಸಿ ಡಿ ಮೊದಲೇ ಇರಲಿಲ್ಲ. ಇದ್ದದ್ದು ಚಿತ್ರಗಳು. ಇಚಲಕರಂಜಿಯಲ್ಲಿ ನೂಲಿಗೆ ಹಾಕುವ ಬಣ್ಣ ಮಾರುವವರು ಹೊಸ ವರ್ಷಕ್ಕೆ ದೊಡ್ಡ ದೊಡ್ಡ ಕ್ಯಾಲೆಂಡರ್ ಹಂಚುತ್ತಿದ್ದರು. ಒಂದೊಂದು ತಿಂಗಳಿಗೆ ಪರದೇಶದ ಒಬ್ಬೊಬ್ಬ ಹೆಸರಾಂತ ಚಿತ್ರಗಾರನ ಚಿತ್ರ. ವರ್ಷ ಮುಗಿಯುವುದನ್ನೇ ಕಾದು ಬಾಯಿ ಅಂಗಡಿ ಅಂಗಡಿ ತಿರುಗಿ ಅವನ್ನು ತಂದು, ತಾರೀಖು ಕತ್ತರಿಸಿ ತೆಗೆದು, ಸೀರೆ ಡಬ್ಬಿಯ ರಟ್ಟಿಗೆ ಅಂಟಿಸಿ ಇಟ್ಟಿದ್ದರು. ತಾವೂ ಹರೆಯದಲ್ಲಿ ಕೊಲ್ಲಾಪುರಕ್ಕೆ ಚಿತ್ರಕಲೆ ಓದಲು ಹೋಗಿದ್ದರಂತೆ. ಒಂದು ವರ್ಷಕ್ಕೆ ಲಗ್ನವಾಯಿತು. "ಬ್ರಷ್ ಹೋತು, ಕಸಬರಿಗಿ ಬಂತು" ಎಂದು ಅಷ್ಟೇ ಹೇಳಿದ್ದರು, ನಾನೂ ಮುಂದೆ ಕೇಳಲಿಲ್ಲ.

ಆ ಚಿತ್ರಗಾರರ ಹೆಸರು ಬಾಯಿಗೆ ಗೊತ್ತಿತ್ತು, ಮಕ್ಕಳಿಗೆ ಹೇಳುತ್ತಿರಲಿಲ್ಲ. ನಾಲ್ಕು ವರ್ಷದ ಮಗುವಿಗೆ ಹೆಸರಿಗಿಂತ ನಂಟು ಬೇಗ ತಿಳಿಯುತ್ತದೆ ಅನ್ನುವುದು ಅವರ ಹಟ. ಹೀಗಾಗಿ ಗೋಡೆಯ ಮೇಲಿದ್ದವರೆಲ್ಲ ಬಳಗದವರಾಗಿದ್ದರು. ಸೂರ್ಯಪಾನದ, ಅಂದರೆ ಸೂರ್ಯಕಾಂತಿಯ, ಹೂವು ಬರೆದವನು ಸೂರ್ಯಪಾನ ಕಾಕಾ. ಮುದಿವಯಸ್ಸಿನಲ್ಲಿ ಬಣ್ಣದ ಕಾಗದ ಕತ್ತರಿಸಿ ಅಂಟಿಸಿದವನು ಕತ್ತರಿ ಅಜ್ಜ. ಕೂಡುಹುಬ್ಬಿನ, ತಲೆತುಂಬ ಹೂ ಮುಡಿದು ತನ್ನನ್ನೇ ತಾನು ಬರೆದುಕೊಂಡವಳು ಹುಬ್ಬಿನ ಮಾವಶಿ, ಅಂದರೆ ಚಿಕ್ಕಮ್ಮ. ಒಂದು ತಿಂಗಳಿಗೆ ಒಬ್ಬರು ನೆಂಟರು. ಆ ತಿಂಗಳ ಎಣಿಕೆ, ಬಣ್ಣ, ಹಾಡು, ಕತೆ ಎಲ್ಲ ಆ ನೆಂಟರ ಮನೆಯಿಂದಲೇ ಬರುತ್ತಿತ್ತು. ಸೂರ್ಯಪಾನ ಕಾಕಾನ ತಿಂಗಳಲ್ಲಿ ಮಕ್ಕಳು ಹೂವಿನ ಬೀಜ ಎಣಿಸಿ ಎಣಿಸಿ ಇಪ್ಪತ್ತರವರೆಗೆ ಕಲಿತರು, ಎಣಿಸಿದ್ದನ್ನು ತಿಂದು ಕಳೆಯುವುದನ್ನೂ ಕಲಿತರು.

ಅದೇ ತಿಂಗಳು ಒಂದು ರಾದ್ಧಾಂತವೂ ಆಯಿತು. ಕಾಕಾ ಕಿವಿಗೆ ಪಟ್ಟಿ ಕಟ್ಟಿಕೊಂಡಿರುವ ಚಿತ್ರವೊಂದಿತ್ತು. ಏನಾಯಿತೆಂದು ಮಕ್ಕಳು ಕೇಳಿದರು, ಸಿಟ್ಟಿನಲ್ಲಿ ಕೊಯ್ದುಕೊಂಡ ಎಂದು ಬಾಯಿ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟರು. ಮರುದಿನ ಒಬ್ಬ ತಾಯಿ ಜಗಳಕ್ಕೇ ಬಂದಳು. ಅವಳ ಮಗ ಬಿಸ್ಕೀಟು ಕೊಡದಿದ್ದರೆ ಕಿವಿ ಕೊಯ್ದುಕೊಳ್ಳುತ್ತೇನೆ ಅಂದಿದ್ದನಂತೆ. ಬಾಯಿ ಶಾಂತವಾಗಿ, "ಹೆದರಬ್ಯಾಡ್ರಿ, ಕತ್ತರಿ ಇನ್ನ ಕೊಟ್ಟಿಲ್ಲ. ಕತ್ತರಿ ಅಜ್ಜ ಬರೂದು ಮುಂದಿನ ತಿಂಗಳ" ಅಂದರು. ನಾನು ಕಾಗದ ಹರಿಯುವುದನ್ನು ನಿಲ್ಲಿಸಿ ನಕ್ಕೆ. ಎಷ್ಟೋ ದಿನಗಳ ಮೇಲೆ ನಕ್ಕಿದ್ದೆ.

ಇನ್ನೊಬ್ಬ ಅಜ್ಜ ಇದ್ದ, ಒಂದೇ ಕೊಳವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮತ್ತೆ ಮತ್ತೆ ಬರೆದವನು. ಇಚಲಕರಂಜಿಯ ಓಣಿಯಲ್ಲಿ ಕಮಲದ ಕೊಳ ಎಲ್ಲಿಂದ ತರುವುದು? ಬಾಯಿ ಮಕ್ಕಳನ್ನು ಎಮ್ಮೆಯ ಮುಂದೆ ಸಾಲಾಗಿ ಕೂರಿಸಿದರು. ಬೆಳಿಗ್ಗೆ ಒಮ್ಮೆ, ಬಿಸಿಲೇರಿದ ಮೇಲೆ ಒಮ್ಮೆ. ಬಣ್ಣ ಯಾವುದು ಅಂದರೆ ಮಕ್ಕಳು "ಕಾಳೀ!" ಎಂದು ಕೂಗಿದರು, ಕಪ್ಪು ಅಂತ. "ನೀಟ ನೋಡ್ರಿ" ಎಂದು ಬಾಯಿ ಗದರಿಸಿದರು, ಸರಿಯಾಗಿ ನೋಡಿ ಅಂತ. ನಾನೂ ನೋಡಿದೆ. ಹುಟ್ಟಿದಾಗಿನಿಂದ ಎಮ್ಮೆ ಕಂಡವಳು ನಾನು, ಬೆಳಗಿನ ಎಳೆಬಿಸಿಲಲ್ಲಿ ಅದರ ಬೆನ್ನು ನೀಲಿಯಾಗಿರುವುದನ್ನು ಆವತ್ತೇ ಕಂಡದ್ದು. ಮಗಳೂ ನೋಡುತ್ತಿದ್ದಳು. ನೋಡುತ್ತಿದ್ದಳು, ಅಷ್ಟೇ.

ಅವಳು ಕಾಗದವನ್ನೂ ಮುಟ್ಟುತ್ತಿರಲಿಲ್ಲ. ಬೆರಳಿಗೆ ಬಣ್ಣ ಹಚ್ಚಿದರೆ, ಆ ಬೆರಳನ್ನು ಕಾಗದದ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಕೂತಿರುತ್ತಿದ್ದಳು. ಬಣ್ಣ ಒಣಗಿ ಬಿರುಕು ಬಿಡುವವರೆಗೂ. ದೀಪಾವಳಿ ಹೋಯಿತು, ಸಂಕ್ರಾಂತಿಯ ಎಳ್ಳುಬೆಲ್ಲವೂ ಆಯಿತು. ನನ್ನ ಒಳಗೆ ಏನೋ ಮರಗಟ್ಟುತ್ತ ಬಂದದ್ದು ಆ ದಿನಗಳಲ್ಲೇ. ಬೆಳಿಗ್ಗೆ ಎದ್ದು ಜಡೆ ಹಾಕಿ ಕರೆದುಕೊಂಡು ಹೋಗುವುದು, ಕಾಗದ ಹರಿಯುವುದು, ಕರೆದುಕೊಂಡು ಬರುವುದು. ಅಳುವುದನ್ನೂ ಬಿಟ್ಟಿದ್ದೆ. ಬೇಡಿಕೊಳ್ಳುವುದನ್ನೂ.

ಆಮೇಲೆ ಆ ದಿನ ಬಂತು. ಸಮುದ್ರದ ದೊಡ್ಡ ತೆರೆಯ ಚಿತ್ರದ ತಿಂಗಳು, ಮಕ್ಕಳೆಲ್ಲ ತೆರೆ ಬರೆಯುತ್ತಿದ್ದರು. ಒಬ್ಬ ಹುಡುಗಿ ತನ್ನದು ಕೆಟ್ಟಿತೆಂದು ಅಳಲು ಶುರುಮಾಡಿದಳು. ಬಾಯಿ ಮಗ್ಗದ ಸದ್ದಿನ ಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದರು: "ಚುಕೀ ಕರಾ ರೇ! ಭರಪೂರ ಚುಕೀ ಕರಾ!" ತಪ್ಪು ಮಾಡ್ರೋ, ಮನಸಾರೆ ತಪ್ಪು ಮಾಡ್ರೋ ಅಂತ. ಮರಾಠಿಯಲ್ಲಿ ಚುಕೀ ಅಂದರೆ ತಪ್ಪು.

ಮಗಳು ತಲೆಯೆತ್ತಿದಳು. ಎತ್ತಿ ಹಿಡಿದಿದ್ದ ಬೆರಳನ್ನು ನಿಧಾನವಾಗಿ ಇಳಿಸಿ ಕಾಗದದ ಮೇಲೆ ಒತ್ತಿದಳು. ಒಂದು ನೀಲಿ ಚುಕ್ಕಿ. ಅದರ ಪಕ್ಕ ಇನ್ನೊಂದು. ಆಮೇಲೆ ಒಂದೇ ಸಮನೆ. ಕಾಗದ ತುಂಬಿತು, ಮುಗಿಯಿತು, ನೆಲದ ಮೇಲೂ ಹೊರಟಳು. ನಾನು ಹರಿಯುತ್ತಿದ್ದ ಕಾಗದ ಹಾಗೇ ಕೈಯಲ್ಲಿ ಉಳಿಯಿತು.

ಬಾಯಿ ಬಂದು ನೋಡಿದರು, ಅವರಿಗೆ ತಿಳಿಯಲಿಲ್ಲ. "ಹೇ ಕಾಯ್?" ಎಂದು ನನ್ನನ್ನು ಕೇಳಿದರು, ಇದೇನು ಅಂತ.

"ನೀವ ಹೇಳಿದ್ರಲ್ಲರೀ, ಚುಕ್ಕಿ ಮಾಡ್ರಿ ಅಂತ. ನಮ್ಮಾಗ ಚುಕ್ಕಿ ಅಂದ್ರ ಇದ. ಆಕಾಶದಾಗ ಇರ್ತಾವಲ್ಲ, ಅವಕ್ಕೂ ಚುಕ್ಕೀನ ಅಂತೇವಿ."

ಬಾಯಿ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕಪ್ಪು ಹಲ್ಲೆಲ್ಲ ಕಾಣುವಂತೆ ನಕ್ಕರು. "ಅಗಬಾಯಿ! ಆಮಚೀ ಚುಕೀ, ತುಮಚೀ ಚಾಂದಣೀ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ನಮ್ಮ ತಪ್ಪು ನಿಮಗೆ ನಕ್ಷತ್ರವೇನ್ರೀ, ಅಂತ. ನನಗೆ ನಗು ಬರಲಿಲ್ಲ, ಆದರೆ ಕಣ್ಣು ಆ ನೆಲದ ಮೇಲಿನ ಚುಕ್ಕಿಗಳಿಂದ ಕದಲಲಿಲ್ಲ.

ಮರುದಿನ ಬಾಯಿ ತೆರೆಯ ಚಿತ್ರ ಇಳಿಸಿ ಬೇರೊಂದನ್ನು ತೂಗುಹಾಕಿದ್ದರು. ತಿಂಗಳ ನಡುವೆ ನೆಂಟರನ್ನು ಬದಲಿಸಿದ್ದು ಅದೊಂದೇ ಸಲ. ಹಳೆಯ ಕ್ಯಾಲೆಂಡರುಗಳ ಗಂಟು ಬಿಚ್ಚಿ ಹುಡುಕಿ ತಂದಿದ್ದರಂತೆ. ನದಿಯ ದಂಡೆ, ಹುಲ್ಲು, ಛತ್ರಿ ಹಿಡಿದ ಹೆಂಗಸರು, ಟೊಪ್ಪಿಗೆ ಹಾಕಿದ ಗಂಡಸರು. ಹತ್ತಿರ ಹೋದರೆ ಯಾರೂ ಇಲ್ಲ, ಬರೀ ಚುಕ್ಕಿ. ಮಗಳಿಗಾಗಿ ಅವರು ಆವತ್ತು ಕನ್ನಡದಲ್ಲೇ ಮಾತಾಡಿದರು. ಅವರ ಕನ್ನಡವೆಂದರೆ ದೇವರಿಗೇ ಪ್ರೀತಿ, ಹೆಣ್ಣಿಗೂ ಗಂಡಿಗೂ ಎಮ್ಮೆಗೂ ಎಲ್ಲಕ್ಕೂ "ಬಂದಾನ", "ಹೋಗ್ಯಾನ". "ಇಂವಾ ಚುಕ್ಕಿ ಮಾಮಾ. ಬ್ರಷ್ ಎಳ್ಯಾಂಗಿಲ್ಲ ಇಂವಾ. ಚುಕ್ಕಿ, ಚುಕ್ಕಿ, ಚುಕ್ಕಿ... ಆಮ್ಯಾಲೆ ನೋಡು, ಇಡೀ ಗಾಂವ ಬಂದಾನ!"

ಮಗಳು ಎದ್ದು ಹೋಗಿ ಚಿತ್ರದ ಮುಂದೆ ನಿಂತಳು. ತಾನಾಗಿ ಎದ್ದು ಹೋದದ್ದು ಅದೇ ಮೊದಲು.

ಆ ಚಿತ್ರದ ಒಂದು ಮೂಲೆಯಲ್ಲಿ, ಛತ್ರಿಯ ಹೆಂಗಸಿನ ಕಾಲ ಬಳಿ, ಹಗ್ಗ ಕಟ್ಟಿದ ಸಣ್ಣ ಪ್ರಾಣಿಯೊಂದಿದೆ. ಬಾಯಿ ಅದರ ಮೇಲೆ ಕೋಲಿಟ್ಟು ಇದೇನು ಎಂದು ಮಕ್ಕಳನ್ನು ಕೇಳಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು. ಮಕ್ಕಳು "ಕುತ್ರಾ! ಕುತ್ರಾ!" ಅಂದರು, ನಾಯಿ ಎಂದು. ಬಾಯಿ ತಲೆಯಲ್ಲಾಡಿಸಿ "ನಾಯ್, ನಾಯ್" ಅಂದರು. ಅಲ್ಲ, ಅಲ್ಲ ಎಂದು. ಕೊಲ್ಲಾಪುರದ ಮರಾಠಿಯಲ್ಲಿ ಹಾಗೇ ಅನ್ನುವುದು.

"ನಾಯಿ ಅಲ್ಲ. ಮಂಗ್ಯಾ."

ಆ ದನಿ ಯಾರದೆಂದು ನನಗೆ ಮೊದಲು ತಿಳಿಯಲಿಲ್ಲ. ಒರಟಾಗಿತ್ತು, ಒಣಗಿತ್ತು. ಮಗ್ಗ ನಡೆಯುತ್ತಿದ್ದರೆ ಕೇಳುತ್ತಲೂ ಇರಲಿಲ್ಲ. ಬಾಯಿ ಅದನ್ನು ನಾಯಿ ಅನ್ನುತ್ತಿದ್ದಾರೆ, ಮತ್ತೆ ಮತ್ತೆ ಅನ್ನುತ್ತಿದ್ದಾರೆ, ಇಷ್ಟು ದೊಡ್ಡವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ಮಗಳಿಗೆ ತಡೆಯಲಾಗಿರಲಿಲ್ಲ.

ನಾನು ಏಳಲು ಹೋದೆ. ಬಾಯಿ ಕಣ್ಣಿನಲ್ಲೇ ನನ್ನನ್ನು ಕೂರಿಸಿದರು. ಏನೂ ಆಗಿಲ್ಲವೆಂಬಂತೆ ಮಗಳ ಕಡೆ ತಿರುಗಿ, "ಮಂಗ್ಯಾ? ಮಂಗ್ಯಾ ಅಂದ್ರ ಏನಪಾ? ನನಗ ಗೊತ್ತಿಲ್ಲ" ಅಂದರು.

ಮಗಳು ಅವರನ್ನು ಕನಿಕರದಿಂದ ನೋಡಿದಳು. "ಮಂಗ್ಯಾ... ಹಿಂಗ" ಎಂದು ಬಗಲು ಕೆರೆದುಕೊಂಡು ತೋರಿಸಿದಳು. "ಗಿಡದ ಮ್ಯಾಲ ಇರ್ತೈತಿ."

ನನ್ನ ಕೈ ತಣ್ಣಗಾಗಿತ್ತು. ಸಂತೋಷವೆಂದು ಹೇಳಲೇ? ಅಲ್ಲ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿ ಎದ್ದಾಗ ಕೈ ತನ್ನದಲ್ಲವೆನಿಸುತ್ತದಲ್ಲ, ಹಾಗಿತ್ತು. ಬಾಯಿ ಮಕ್ಕಳಿಗೆಲ್ಲ ಮಂಗ ಬರೆಯಲು ಹೇಳಿ ಬಾಗಿಲಾಚೆ ಹೋದರು. ಗೋಡೆಗೆ ಮುಖ ಮಾಡಿ ಸೊಂಟದ ಡಬ್ಬಿ ತೆಗೆದರು. ಮುಚ್ಚಳ ತೆರೆಯುವಷ್ಟರಲ್ಲಿ ಡಬ್ಬಿ ಜಾರಿ ಮಿಶ್ರಿಯೆಲ್ಲ ನೆಲಕ್ಕೆ ಚೆಲ್ಲಿತು. ನಾನು ನೋಡಿದೆನೆಂದು ಅವರಿಗೆ ಗೊತ್ತಾಯಿತು. "ಕಾಗದ ಹರೀರಿ!" ಎಂದು ಗದರಿಸಿದರು.

ಆಮೇಲೆ ಮಗಳಿಗೆ ಬಾಯಿಯನ್ನು ತಿದ್ದುವುದೇ ಉದ್ಯೋಗವಾಯಿತು. "ಬಂದಾನ ಅಲ್ಲ, ಬಂದಾಳ." "ಗಾಂವ ಅಲ್ಲ, ಊರು." ದಿನವಿಡೀ. ಮಗುವನ್ನು ಮಾತಾಡಿಸಲು ಬಾಯಿ ಬೇಕೆಂದೇ ತಪ್ಪು ಮಾತಾಡುತ್ತಿರಬೇಕೆಂದು ನನಗೆ ಅನುಮಾನ ಬಂತು. ಒಂದು ದಿನ ಕೇಳಿಯೂಬಿಟ್ಟೆ. ಬಾಯಿಗೆ ಸಿಟ್ಟೇ ಬಂತು. "ಮುದ್ದಾಮ? ನಾ ಮುದ್ದಾಮ ಯಾಕ ಚುಕಲಿ? ನಿಮ್ಮ ಭಾಷಾನ ಲಯಿ ಅವಘಡ ಐತಿ! ಇಪ್ಪತ್ತ ವರ್ಷ ಆತು, ಬರಾಂಗಿಲ್ಲಂದ್ರ ಬರಾಂಗಿಲ್ಲ!" ಬೇಕೆಂದೇ ಮಾಡಿದ್ದಲ್ಲ, ಬಹಳ ಕಠಿಣವಾದ ನಮ್ಮ ಭಾಷೆ ಅವರಿಗೆ ನಿಜಕ್ಕೂ ಬರುತ್ತಿರಲಿಲ್ಲ. ಆ ಮಾತಿನಲ್ಲಿ ಎರಡು ದಿನ ನನ್ನೊಡನೆ ಮುನಿಸಿಕೊಂಡೂ ಇದ್ದರು.

ಜೂನಿನಲ್ಲಿ ಹೆಡ್‌ಮಾಸ್ತರರು ಮಗಳ ಹೆಸರು ಕೇಳಿದರು. ಹೇಳಿದಳು. ಅಪ್ಪನ ಹೆಸರು ಹೇಳಿದಳು, ಓಣಿಯ ಹೆಸರು ಹೇಳಿದಳು. ಎಮ್ಮೆಯ ಬಣ್ಣ ಯಾವುದು ಎಂದು ಅವರು ಸಹಜವಾಗಿ ಕೇಳಿದರು. "ಸಕಾಳೀ ನಿಳೀ" ಅಂದಳು, ಬೆಳಿಗ್ಗೆ ನೀಲಿ ಎಂದು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಸೇರಿಸಿಕೊಂಡರು. ಮೂಗಿ ಎಂಬ ಹೆಸರು ಆ ಮಳೆಗಾಲದಲ್ಲೇ ಓಣಿಯಿಂದ ಹೋಯಿತು. ದೀಪಾವಳಿಯ ಹೊತ್ತಿಗೆ ಅತ್ತೆ, "ಈ ಹುಡುಗಿ ಬಾಯಿಗೆ ಬೀಗ ಹಾಕ್ರೋ" ಅನ್ನುತ್ತಿದ್ದರು.

ಬಾಯಿಗೆ ಒಂದು ಕೊರಗಿತ್ತು, ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಅವರು ಕಲಿಸಿದ ಮಕ್ಕಳಿಗೆ ಅವರ ನೆನಪಿರುತ್ತಿರಲಿಲ್ಲ. ನಾಲ್ಕು, ಐದು ವರ್ಷದ ನೆನಪು ಯಾರಲ್ಲಿ ಉಳಿಯುತ್ತದೆ? ಹತ್ತನೆಯ ತರಗತಿಯ ಮಾಸ್ತರರಿಗೆ ಜನ ದಾರಿಯಲ್ಲಿ ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ಬಾಲವಾಡಿಯ ಬಾಯಿಯನ್ನು ಸೈಕಲ್ಲಿನ ಗಂಟೆ ಹೊಡೆದು ದಾಟಿಹೋಗುತ್ತಾರೆ. ಮೀಸೆ ಬಂದ ಹುಡುಗರನ್ನು ಅವರು ಓಣಿಯಲ್ಲೇ ತಡೆದು, "ಏ, ನಿನ್ನ ಚಡ್ಡಿ ನಾ ತೊಳದೇನಿ, ವಳಖ ಇಲ್ಲ? ಗುರ್ತ ಇಲ್ಲ?" ಎಂದು ಜಗ್ಗಾಡುತ್ತಿದ್ದರು. ಹುಡುಗರು ನಾಚಿ ಓಡುತ್ತಿದ್ದರು. ದೊಡ್ಡ ಮನಸ್ಸು ಮಾಡಿ ಮರೆತವರನ್ನು ಹರಸುವ ಪೈಕಿ ಅವರಲ್ಲ. ಅವರಿಗೆ ನೆನಪು ಬೇಕಿತ್ತು, ಬೇಕೆಂದು ಬಾಯಿಬಿಟ್ಟೇ ಹೇಳುತ್ತಿದ್ದರು.

ಮುಂದೆ ಮಗ್ಗದ ದಂಧೆ ಕುಗ್ಗಿತು. ನಾವು ಇಚಲಕರಂಜಿ ಬಿಟ್ಟು ಗಡಹಿಂಗ್ಲಜಕ್ಕೆ, ನನ್ನ ತವರೂರಿಗೆ ಬಂದೆವು. ನಮ್ಮನೆಯವರು ಪಂಪು ಮೋಟಾರು ರಿಪೇರಿಯ ಸಣ್ಣ ಅಂಗಡಿ ಇಟ್ಟರು. ಅತ್ತೆ ತೀರಿಕೊಂಡರು. ಬಾಯಿಯೂ ಬಾಲವಾಡಿ ಬಿಟ್ಟು ಚಂದಗಡದ ತಮ್ಮನ ಮನೆಗೆ ಹೋದರೆಂದು ಕೇಳಿದೆ. ಮಗಳು ಓದಿದಳು, ಕೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ರಿಸೆಪ್ಷನ್ ಕೆಲಸ ಹಿಡಿದಳು. ಬಂದವರನ್ನು ಮಾತಾಡಿಸುವುದು, ಸಮಾಧಾನ ಮಾಡುವುದು, ಜಗಳಕ್ಕೆ ಬಂದವರನ್ನು ಮೂರು ಭಾಷೆಯಲ್ಲಿ ತಣ್ಣಗೆ ಮಾಡಿ ಕಳಿಸುವುದು. ಮಾತೇ ಅವಳ ಅನ್ನ.

ಕೆಲವು ವರ್ಷಗಳ ಹಿಂದೆ ಬಾಯಿಯನ್ನು ಕೊನೆಯ ಸಲ ನೋಡಿದೆ. ಗಡಹಿಂಗ್ಲಜದ ಬಸ್ ನಿಲ್ದಾಣದಲ್ಲಿ. ರಜೆಗೆ ಬಂದಿದ್ದ ಮಗಳನ್ನು ಕೊಲ್ಲಾಪುರದ ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಕಂಬದ ಬಳಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಇಳಿದುಹೋಗಿದ್ದರು, ಸೀರೆ ಮಾತ್ರ ಮೊದಲಿನಂತೆ ಎತ್ತಿ ಕಟ್ಟಿದ್ದರು. ನನ್ನನ್ನು ನೋಡಿದ ಕೂಡಲೇ "ಕಾಗದ!" ಅಂದರು. ನನ್ನ ಹೆಸರು ಅವರಿಗೆ ಯಾವತ್ತೂ ನೆನಪಿರಲಿಲ್ಲ. "ಪೋರಿ ಎಲ್ಲಿ?" ಎಂದು ಕೇಳಿದರು.

ಮಗಳು ನಾಲ್ಕು ಹೆಜ್ಜೆ ಆಚೆ, ನಮಗೆ ಬೆನ್ನು ಮಾಡಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಕೆಲಸದ ಕರೆ. ಯಾರಿಗೋ ಬೈಯುತ್ತಿದ್ದಳು, ಮರುಗಳಿಗೆ ನಗುತ್ತಿದ್ದಳು, ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಹಿಂದಿಗೆ ಹಾರುತ್ತಿದ್ದಳು. "ತಡೀರಿ, ಕರೀತೇನಿ" ಎಂದು ನಾನು ಹೊರಟೆ. ಬಾಯಿ ನನ್ನ ಕೈ ಹಿಡಿದು ಜಗ್ಗಿದರು.

"ಕರೀಬ್ಯಾಡ್ರಿ. ಮಾತಾಡಾಕತ್ತಾನ... ಮಾತಾಡಲಿ."

ತಲೆ ಒಂದು ಕಡೆ ವಾಲಿಸಿ ಅವಳ ಮಾತು ಕೇಳಿಸಿಕೊಂಡರು. ಎಲ್ಲರನ್ನೂ ತಡೆದು ಗುರುತು ಕೇಳುತ್ತಿದ್ದ ಹೆಂಗಸು ಆವತ್ತು ಏನೂ ಕೇಳಲಿಲ್ಲ. ಚಂದಗಡದ ಬಸ್ ಬಂತು. ನಾನು ಮತ್ತೊಮ್ಮೆ ಕರೆಯಲು ನೋಡಿದೆ, ಅವರು ಕೈ ಅಡ್ಡ ಹಿಡಿದು ಬಸ್ ಹತ್ತಿಬಿಟ್ಟರು. ಕಿಟಕಿಯ ಪಕ್ಕ ಕೂತು, ಬಸ್ ತಿರುಗುವವರೆಗೂ ಅವಳ ಬೆನ್ನಿನ ಕಡೆ ನೋಡುತ್ತಿದ್ದರು. ಅವಳು ಫೋನ್ ಮುಗಿಸಿ ತಿರುಗಿ, "ಯಾರವ್ವಾ ಅವರು?" ಅಂದಳು. ಅಷ್ಟರಲ್ಲಿ ಅವಳ ಬಸ್ಸೂ ಬಂತು, ಉತ್ತರ ಉಳಿದೇ ಹೋಯಿತು...

ಮೊನ್ನೆ ಮಿಶ್ರಿಯ ಘಾಟು ಇಳಿದ ಮೇಲೆ, ಸಂಜೆ ಅವಳಿಗೆ ಫೋನ್ ಮಾಡಿದೆ. ಬಾಯಿ ಹೋದರು ಅಂದೆ.

"ಯಾವ ಬಾಯಿ?"

ಹೇಳಿದೆ. ಬಾಲವಾಡಿ ಅಂದೆ, ಚುಕ್ಕಿ ಅಂದೆ, ಮಂಗ್ಯಾ ಅಂದೆ. ಅವಳು ಕೇಳಿಸಿಕೊಂಡಳು, ಆಮೇಲೆ ನಕ್ಕಳು. "ನಾ ಮಾತಾಡತಿದ್ದಿಲ್ಲಾ? ನಾನಾ? ನೀ ಏನಾರ ಹೇಳತಿ ನೋಡವ್ವಾ. ಅಪ್ಪನ್ನ ಕೇಳು ಬೇಕಾರ."

ನಮ್ಮನೆಯವರು ಅಲ್ಲೇ ಚಹ ಕುಡಿಯುತ್ತ ಕೂತಿದ್ದರು. ಕೇಳಿದೆ. ಅವರು ಬಸಿಯಿಂದ ಮುಖವೆತ್ತಿ, "ಆಕಿ ಯಾವಾಗ ಸುಮ್ಮಿದ್ಲು? ಹುಟ್ಟಿದಾಗಿಂದ ಅದ ವಟವಟ" ಅಂದರು. ಸುಳ್ಳು ಹೇಳುತ್ತಿರಲಿಲ್ಲ. ಹಗಲೂ ರಾತ್ರಿ ಮಗ್ಗದ ಶೆಡ್ಡಿನಲ್ಲಿದ್ದ ಮನುಷ್ಯ, ಅವರಿಗೆ ನಿಜಕ್ಕೂ ನೆನಪಿಲ್ಲ. ಮಗಳು ಫೋನಿನಲ್ಲೇ ಅದನ್ನು ಕೇಳಿ ಇನ್ನಷ್ಟು ನಕ್ಕಳು. ಊಟ ಮಾಡು, ಮಾತ್ರೆ ತಗೋ ಅಂದು ಇಟ್ಟಳು.

ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತೆ. ಅವಳು ಮೂಗಿಯಾಗಿದ್ದಳೆಂದು, ಒಂದು ಮಳೆಗಾಲದಿಂದ ಚಳಿಗಾಲದವರೆಗೆ ನಮ್ಮ ಮನೆಯಲ್ಲಿ ಒಂದು ಮಗುವಿನ ದನಿ ಇರಲಿಲ್ಲವೆಂದು, ಅದು ಹೇಗೆ ಮರಳಿ ಬಂತೆಂದು ಗೊತ್ತಿದ್ದವರು ಬಾಯಿ, ನಾನು, ಇಬ್ಬರೇ ಉಳಿದಿದ್ದೆವು. ಈಗ ನಾನೊಬ್ಬಳೇ. ಹೀಗೆ ನಡೆದಿತ್ತು ಹೌದಲ್ಲರೀ ಎಂದು ಇನ್ನು ಯಾರನ್ನೂ ಕೇಳುವಂತಿಲ್ಲ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕೂತೇ ಇದ್ದೆ. ಬರಲಿಲ್ಲ. ಅಳುವುದಾದರೂ ಯಾರ ಮುಂದೆ, ಗೊತ್ತಿದ್ದವರೇ ಹೋದ ಮೇಲೆ...